ಎಲ್ಲದಕ್ಕೂ ‘ಹೂಂ’ ಎನ್ನುವ ಯಂತ್ರ

ಬೆಂಕಿಯನ್ನು ಕಂಡುಹಿಡಿದವನು ಒಬ್ಬ, ಚಕ್ರವನ್ನು ಕಂಡುಹಿಡಿದವನು ಇನ್ನೊಬ್ಬ. ಮನುಕುಲವನ್ನು ಉದ್ಧಾರ ಮಾಡುವ ಮೂರನೆಯ ಸರದಿ ನನ್ನದೇ ಎಂದು ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ನಿರ್ಧರಿಸಿಬಿಟ್ಟೆ! ಬಾಯಿತುಂಬ ನೊರೆ ಇದ್ದುದರಿಂದ ಆ ಘೋಷಣೆ ಹೆಂಡತಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ಊರಿನ ಗ್ರಂಥಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ನೋಡಿಕೊಳ್ಳುವುದು ಎಂದರೆ, ಇದ್ದ ಒಂದೇ ಒಂದು ಕಂಪ್ಯೂಟರನ್ನು ದಿನವಿಡೀ ನೋಡುತ್ತ ಕೂರುವುದು. ಹೀಗೆ ಸುಖವಾಗಿರುವಾಗ, ಬಾಗಿಲು ಮುಚ್ಚಿದ ಯಾವುದೋ ಕಚೇರಿಯವರು ತಮ್ಮ ಹನ್ನೆರಡು ಹಳೇ ಕಂಪ್ಯೂಟರುಗಳನ್ನು ನಮಗೆ ದಾನ ಮಾಡಿಬಿಟ್ಟರು. ಗುಂಡಿ ಒತ್ತಿದರೆ ಒಂದೊಂದೂ ಮೆಟ್ಟಿಲು ಹತ್ತಿ ಬಂದ ಮುದುಕರ ಹಾಗೆ ಏದುಸಿರು ಬಿಡುತ್ತಿತ್ತು.

“ಇವಕ್ಕೆ ಲಿನಕ್ಸ್ ಹಾಕಿದ್ರೆ ಕುದುರೆ ಥರ ಓಡ್ತವೆ ಸಾರ್!” ಎಂದು ನಾನೇ ಬಾಯಿ ಬಿಟ್ಟೆ.

“ಹಾಕಿ. ಶ್ಶ್!” ಎಂದರು ನಮ್ಮ ಮುಖ್ಯ ಗ್ರಂಥಪಾಲಕರು. ಇವರು ಪ್ರತಿ ಮಾತನ್ನೂ ‘ಶ್ಶ್’ ಎಂದೇ ಮುಗಿಸುವವರು. ಎದುರಿಗೆ ಯಾರೂ ಇಲ್ಲದಿದ್ದರೆ ತಮಗೆ ತಾವೇ ‘ಶ್ಶ್’ ಎಂದುಕೊಳ್ಳುವವರು. ಊರಿಗೆಲ್ಲ ಇವರು ಶ್ಶ್ ಸಾಹೇಬರು. “ತಿಂಗಳ ಕೊನೆಗೆ ಕಂಪ್ಯೂಟರ್ ಕೋಣೆ ಉದ್ಘಾಟನೆ. ಹೊರಗೆ ಬ್ಯಾಂಡು, ಒಳಗೆ ನಿಮ್ಮ ಲಿನಕ್ಸು. ಗುಂಡಿ ನಾನೇ ಒತ್ತಬೇಕು, ಎಲ್ಲರ ಕಣ್ಣೆದುರಿಗೆ. ಶ್ಶ್!”

ಲಿನಕ್ಸ್ ಎನ್ನುವುದು ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಪುಕ್ಕಟೆ ಸಿಗುತ್ತದೆ, ಹಳೇ ಯಂತ್ರವನ್ನೂ ಓಡಿಸುತ್ತದೆ. ಅಪ್ಪಟ ಬಂಗಾರ! ಆದರೆ ಅದನ್ನು ಕೂರಿಸುವಾಗ ಅದು ಕೇಳುವ ಪ್ರಶ್ನೆಗಳಿವೆಯಲ್ಲ, ಪೊಲೀಸ್ ಠಾಣೆಯಲ್ಲೂ ಅಷ್ಟು ಕೇಳುವುದಿಲ್ಲ. ಯಾವ ಭಾಷೆ? ಯಾವ ಕೀಲಿಮಣೆ? ನಿಮ್ಮೂರಲ್ಲಿ ಈಗ ಗಂಟೆ ಎಷ್ಟು? ನಿಮ್ಮ ಹೆಸರೇನು? ಈ ಯಂತ್ರದ ಹೆಸರೇನು? ಪಾಸ್‌ವರ್ಡ್ ಏನು? ಇನ್ನೊಮ್ಮೆ ಹೇಳಿ? ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಲೇ? ನಿಜವಾಗಿಯೂ ಅಳಿಸಲೇ? ಒಂದು ಯಂತ್ರಕ್ಕೆ ಇಷ್ಟಾದರೆ ಹನ್ನೆರಡಕ್ಕೆ? ನನಗೆ ಮೊದಲೇ ಪ್ರಶ್ನೆಗಳೆಂದರೆ ಆಗಿಬರುವುದಿಲ್ಲ. ಮದುವೆಯಾದವನು ನಾನು!

ಆದ್ದರಿಂದ ನನ್ನ ಮಹಾಸಂಕಲ್ಪ ಹೀಗಿತ್ತು: ಪ್ರಶ್ನೆಗಳಿಗೆಲ್ಲ ಉತ್ತರವನ್ನು ಮೊದಲೇ ಬರೆದಿಟ್ಟುಬಿಡುವುದು. ಆ ಉತ್ತರಗಳನ್ನೂ ಲಿನಕ್ಸನ್ನೂ ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿ ಮನೆಯ ಇಂಟರ್ನೆಟ್ ವೈರಿಗೆ ಸಿಕ್ಕಿಸಿಬಿಡುವುದು. ಆಮೇಲೆ ಯಾವ ಯಂತ್ರವನ್ನಾದರೂ ಆ ವೈರಿಗೆ ಚುಚ್ಚಿ ಆನ್ ಮಾಡಿದರೆ ಸಾಕು, ಪೆಟ್ಟಿಗೆ ತಾನಾಗಿ ಅದರ ಹಳೆಯ ಸಂಸಾರವನ್ನೆಲ್ಲ ಗುಡಿಸಿ, ಒರೆಸಿ, ಹೊಸ ಸಂಸಾರ ಹೂಡಿಕೊಡಬೇಕು. ಒಂದೇ ಒಂದು ಪ್ರಶ್ನೆ ಕೇಳಕೂಡದು! ಕೊನೆಯಲ್ಲಿ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಗ್ರಂಥಾಲಯಕ್ಕೆ ಸ್ವಾಗತ. ದಯವಿಟ್ಟು ಮೌನವಾಗಿರಿ’ ಎಂದು ಮೂಡಬೇಕು. ಆ ಕೊನೆಯ ಸಾಲು ಶ್ಶ್ ಸಾಹೇಬರ ಕೊಡುಗೆ.

ಇನ್ನು ನಮ್ಮ ಮನೆ. ಮುಂದಿನ ಕೋಣೆ ನನ್ನ ಹೆಂಡತಿಯ ಹೊಲಿಗೆ ಅಂಗಡಿ: ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಹೊಲಿಗೆ ಮೆಷಿನ್ನು, ಮೂಲೆಯಲ್ಲಿ ಅವಳ ಕಂಪ್ಯೂಟರು, ಕಿಟಕಿಯ ಪಕ್ಕ ಕಾಜಾ ಹಾಕುತ್ತ ಕೂತ ಅವಳ ತಾಯಿ, ಅಂದರೆ ನಮ್ಮತ್ತೆ. ಹಿಂದಿನ ಕೋಣೆ, ಅಂದರೆ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಒಬ್ಬ ಮನುಷ್ಯ ಕಾಲು ಮಡಿಚಿ ಕೂರಬಹುದಾದಷ್ಟು ಜಾಗ, ನನ್ನ ಪ್ರಯೋಗಶಾಲೆ. ಎರಡರ ನಡುವೆ ಗೋಡೆಯಂಚಿಗೆ ಆ ನೀಲಿ ಇಂಟರ್ನೆಟ್ ವೈರು ಹಾದುಹೋಗುತ್ತದೆ. ಈ ಕಥೆಯ ಖಳನಾಯಕ ಅದೇ.

ಆ ದಿನಗಳಲ್ಲಿ ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. ಉದ್ಘಾಟನೆಗೆ ಬಾರಿಸಲಿದ್ದ ಊರಿನ ಬ್ಯಾಂಡಿನವರು ಹೊಸ ಕೋಟು ಹೊಲಿಯಲು ಅವಳಿಗೇ ಹೇಳಿದ್ದರು. ಹದಿನಾಲ್ಕು ಜನ, ಹದಿನಾಲ್ಕು ಕೆಂಪು ಕೋಟು! ಇಷ್ಟು ದಿನ ಲಂಗ, ಪರದೆ, ಹರಿದ ಜೇಬು ಅಂತ ಹೊಲಿಯುತ್ತಿದ್ದವಳಿಗೆ ಇದು ಮೊದಲ ದೊಡ್ಡ ಕೆಲಸ. ಊರೆಲ್ಲ ನೋಡುವ ಬಟ್ಟೆ. ಇದೊಂದು ಗೆದ್ದರೆ ಶಾಲೆಯ ಯೂನಿಫಾರಂ ಬರಬಹುದು, ಆಸ್ಪತ್ರೆಯದು ಬರಬಹುದು. ಸೋತರೆ ಎದುರು ಬೀದಿಯ ದೊಡ್ಡ ಟೈಲರ್ ಅಂಗಡಿಯವನು “ನಾನು ಆಗಲೇ ಹೇಳಿರಲಿಲ್ವಾ?” ಎನ್ನಲು ಕತ್ತರಿ ಹಿಡಿದು ಕಾಯುತ್ತಿದ್ದ.

ಒಬ್ಬೊಬ್ಬ ಬ್ಯಾಂಡಿನವನು ಒಂದೊಂದು ಹೊತ್ತಿಗೆ ಸಿಗುವವನು. ಒಬ್ಬನನ್ನು ಬೇಕರಿಯಲ್ಲಿ, ಒಬ್ಬನನ್ನು ಬಸ್ ನಿಲ್ದಾಣದಲ್ಲಿ ಹಿಡಿದು ನಿಲ್ಲಿಸಿ, ಅವಳು ಅಳತೆ ತೆಗೆದು ಕಂಪ್ಯೂಟರಿಗೆ ತುಂಬಿದ್ದಳು. ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದವಳನ್ನು “ಯಾವ ಕಾಲದಲ್ಲಿದ್ದೀಯೇ?” ಎಂದು ಛೇಡಿಸಿ ಕಂಪ್ಯೂಟರಿಗೆ ಹಚ್ಚಿದವನು ನಾನೇ.

“ಇನ್ನೊಂದು ಕಾಪಿ ಎಲ್ಲಾದ್ರೂ ಇಟ್ಕೊಳ್ಲಾ?” ಎಂದು ಕೇಳಿದ್ದಳು.

“ಯಾಕೆ, ನಾನಿಲ್ವಾ?” ಎಂದು ಎದೆ ತಟ್ಟಿಕೊಂಡಿದ್ದೆ.

ಸರಿ, ಭಾನುವಾರಕ್ಕೆ ಬರೋಣ. ನಾನು ಹಿಂದಿನ ಕೋಣೆಯಲ್ಲಿ ಕಾಲು ಮಡಿಚಿ ಕೂತು ಪೆಟ್ಟಿಗೆಯನ್ನು ಸಿದ್ಧಮಾಡಿದೆ. ಪರೀಕ್ಷೆಗೆಂದು ಗ್ರಂಥಾಲಯದ ಒಂದು ಮುದಿ ಕಂಪ್ಯೂಟರನ್ನು ಹೊತ್ತು ತಂದು ಕಾಲಬುಡದಲ್ಲಿಟ್ಟುಕೊಂಡಿದ್ದೆ. ಪೆಟ್ಟಿಗೆ ಆನ್ ಮಾಡಿದೆ. ಅದರ ಕಣ್ಣು ಹಸಿರಾಗಿ ಮಿಣುಕಿತು. ಇನ್ನು ಮುದುಕನನ್ನು ಎಬ್ಬಿಸುವುದೊಂದೇ ಬಾಕಿ. ಅಷ್ಟರಲ್ಲಿ ಯಾವುದೋ ಸಾಲಿನಲ್ಲಿ ಒಂದು ಚುಕ್ಕೆ ತಪ್ಪಿದೆಯೇನೋ ಎಂಬ ಅನುಮಾನ ಬಂದು, ಪೆಟ್ಟಿಗೆಗೆ ಜೋಡಿಸಿದ ಪರದೆಯೊಳಗೆ ಮೂಗು ತೂರಿಸಿ ಕೂತುಬಿಟ್ಟೆ. ಹೀಗೆ ಕೂತಾಗ ಹೊರಗಿನ ಮಾತಿಗೆಲ್ಲ ನನ್ನ ಬಾಯಿ ತಾನಾಗಿ ಉತ್ತರ ಕೊಡುತ್ತದೆ. ಎಷ್ಟೋ ವರ್ಷಗಳ ದಾಂಪತ್ಯದ ಸಾಧನೆ ಅದು.

“ರೀ, ಇಲ್ಲಿ ವೈಫೈ ಸಿಗ್ತಾನೇ ಇಲ್ಲ. ಗುಂಡಿ ಮಾರೋರು ಫೋಟೋ ಕಳಿಸಿದ್ದಾರಂತೆ. ಈ ನೀಲಿ ವೈರು ಚುಚ್ಕೊಳ್ಲಾ?” ಮುಂದಿನ ಕೋಣೆಯಿಂದ ಹೆಂಡತಿ.

“ಹೂಂ.”

“ಆದ್ರೂ ಬರ್ತಿಲ್ಲ. ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?”

“ಹೂಂ.”

“ರೀ, ಏನೋ ಕಪ್ಪು ಪರದೆ ಬಂತು. ಬಿಳಿ ಅಕ್ಷರ ಓಡ್ತಿದೆ. ಹಾಗೇ ಬಿಡ್ಲಾ?”

“ಹೂಂ, ಹೂಂ.”

“ನಾನು ಹೇಳ್ತಿರೋದು ಕಿವಿಗೆ ಬೀಳ್ತಿದೆಯಾ?”

“ಹೂಂ!”

ನಮ್ಮತ್ತೆಗೆ ಅನುಮಾನ ಬಂದಿರಬೇಕು. ಕಾಜಾ ಹಾಕುತ್ತಲೇ ಕೂಗಿದರಂತೆ: “ಅಳಿಯಂದ್ರೇ, ಎತ್ತು ಕರು ಹಾಕಿದೆ! ಕೊಟ್ಟಿಗೇಲಿ ಕಟ್ಟಲಾ?”

“ಹೂಂ, ಕಟ್ಟಿ ಅತ್ತೆ.”

ನನಗೆ ಇದೊಂದೂ ನೆನಪಿಲ್ಲ. ಆದರೆ ಸಾಕ್ಷಿಗಳು ಇಬ್ಬರು, ಇಬ್ಬರೂ ಒಂದೇ ಕಡೆಯವರು.

ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಒಂದು ಯಂತ್ರ ಯಶಸ್ವಿಯಾಗಿ ಸಿದ್ಧವಾಗಿದೆ.’ ನಾನು ಎದ್ದ ರಭಸಕ್ಕೆ ತಲೆ ಮೇಲಿನ ಹಲಗೆಗೆ ಬಡಿದು ಸೋಪಿನ ಪುಡಿ ಮೈಮೇಲೆ ಸುರಿಯಿತು. ಇರಲಿ! ಒಂದು ಪ್ರಶ್ನೆ ಇಲ್ಲದೆ! ಒಂದು ಬೆರಳು ತಾಕಿಸದೆ! “ಗೆದ್ದೆ ಕಣೇ, ಗೆದ್ದೆ!” ಎಂದು ಇದ್ದಷ್ಟು ಜಾಗದಲ್ಲಿ ಕುಣಿದೆ. ಕುಣಿಯುತ್ತ ಕಾಲಬುಡದ ಮುದುಕನನ್ನು ಮುದ್ದಿನಿಂದ ತಟ್ಟಿದೆ. ತಣ್ಣಗಿದ್ದ. ಬಗ್ಗಿ ನೋಡಿದೆ. ಅವನಿಗೆ ಕರೆಂಟೇ ಕೊಟ್ಟಿರಲಿಲ್ಲ.

ಹಾಗಾದರೆ ಸಿದ್ಧವಾದ ಯಂತ್ರ ಯಾವುದು?

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ, ಅದು ತಾನಾಗಿ ಎದ್ದು ಬಂತು. ಅದೇ ಗಳಿಗೆಗೆ ಮುಂದಿನ ಕೋಣೆಯಿಂದ ಹೆಂಡತಿಯ ದನಿ. ಜೋರಾಗಿರಲಿಲ್ಲ. ಜೋರಾಗಿಲ್ಲದ ಅವಳ ದನಿಗೆ ನಾನು ಹೆಚ್ಚು ಹೆದರುವುದು.

“ರೀ. ಬನ್ನಿ ಇಲ್ಲಿ.”

ಹೋದೆ. ಅವಳ ಕಂಪ್ಯೂಟರಿನ ಮೇಲೆ, ಹೂವಿನ ಚಿತ್ರವಿರುತ್ತಿದ್ದ ಕಡೆ, ದೊಡ್ಡ ಅಕ್ಷರಗಳು: ‘ಗ್ರಂಥಾಲಯಕ್ಕೆ ಸ್ವಾಗತ. ದಯವಿಟ್ಟು ಮೌನವಾಗಿರಿ.’

“ನನ್ನ ಅಂಗಡೀಲಿ ಕೂತು ನನ್ನನ್ನೇ ಸುಮ್ನಿರು ಅಂತಿದೆಯಲ್ರೀ ಇದು! ನನ್ನ ಅಳತೆಗಳೆಲ್ಲಿ?”

ಏನಾಗಿತ್ತೆಂದರೆ, ಕೆಲವು ದಿನದ ಹಿಂದೆ ಸುಮ್ಮನೆ ಪರೀಕ್ಷೆಗೆಂದು, ಮನೆಯ ಯಂತ್ರಗಳಿಗೆಲ್ಲ ‘ಆನ್ ಆದ ಕೂಡಲೇ ಮೊದಲು ವೈರಿನಲ್ಲಿ ಏನಾದರೂ ಬರುತ್ತಿದೆಯಾ ನೋಡು, ಆಮೇಲೆ ನಿನ್ನ ಡಿಸ್ಕು’ ಎಂದು ಪಾಠ ಹೇಳಿಕೊಟ್ಟಿದ್ದೆ. ಅದನ್ನು ಮರೆಸಲು ಮರೆತಿದ್ದೆ! ಪಾಪ, ಅವಳ ಕಂಪ್ಯೂಟರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು. ಪೆಟ್ಟಿಗೆ ‘ಎಲ್ಲ ಅಳಿಸಲೇ?’ ಎಂದು ಯಾರನ್ನೂ ಕೇಳಿರಲಿಲ್ಲ. ಉತ್ತರವನ್ನು ನಾನು ಮೊದಲೇ ಬರೆದಿಟ್ಟಿದ್ದೆನಲ್ಲ!

“ಗಾಬರಿ ಬೇಡ” ಎಂದೆ. ಗಾಬರಿಯಾಗಿದ್ದವನು ನಾನು. “ಅಳಿಸಿದ್ದನ್ನ ವಾಪಸ್ ತರೋ ವಿದ್ಯೆ ಇದೆ. ಈಗ ನೋಡು, ಚಿಟಿಕೆ ಹೊಡೆಯೋದ್ರಲ್ಲಿ!”

ನನ್ನ ಲ್ಯಾಪ್‌ಟಾಪು ತಂದೆ. ಉದ್ಘಾಟನೆಗೆಂದು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದ ಭಾಷಣ ಅದರಲ್ಲಿತ್ತು, ‘ಜ್ಞಾನದ ಹೆಬ್ಬಾಗಿಲು’ ಅಂತ. ವಿದ್ಯೆಯನ್ನು ಹುಡುಕಲು ಇಂಟರ್ನೆಟ್ ಬೇಕು. ಆ ಕೋಣೆಯಲ್ಲಿ ವೈಫೈ ಇಲ್ಲ. ಕೈಗೆ ಸಿಕ್ಕಿದ್ದು ನೀಲಿ ವೈರು. ಚುಚ್ಚಿದೆ. ಆನ್ ಮಾಡಿದೆ. ಬ್ಯಾಂಡಿನ ಬಟ್ಟೆ ಕತ್ತರಿಸುವ ಕತ್ತರಿಯನ್ನು ಹೆಂಡತಿ ಎಲ್ಲಿಟ್ಟಿದ್ದಾಳೆ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದೆನಾದ್ದರಿಂದ ಪರದೆಯ ಕಡೆ ಗಮನವಿರಲಿಲ್ಲ. ನೋಡಿದಾಗ ಕಪ್ಪು ಪರದೆ. ಬಿಳಿ ಅಕ್ಷರಗಳು ಖುಷಿಯಾಗಿ ಓಡುತ್ತಿದ್ದವು. ವೈರು ಕಿತ್ತೆ. ತಡವಾಗಿತ್ತು.

ನಮ್ಮತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಇದೂ ಕರು ಹಾಕ್ತಾ?”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ದೊಣ್ಣೆಗೆ ಏನನ್ನಿಸುತ್ತದೆ ಎಂದು ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ: ಬಹಳ ಕೆಟ್ಟದಾಗಿ ಅನ್ನಿಸುತ್ತದೆ. ಹೆಂಡತಿ ಮೇಜಿನ ಮೇಲೆ ಮಡಿಚಿಟ್ಟ ಕೆಂಪು ಬಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಳು. ನಾಳೆ ಬೆಳಿಗ್ಗೆ ಕತ್ತರಿಸಲು ಶುರು ಮಾಡಬೇಕಿತ್ತು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ನಂಗೆ ಅಳು ಬರ್ತಿದೆ. ಆದ್ರೆ ಅಳೋಕೆ ಪುರುಸೊತ್ತಿಲ್ಲ” ಎಂದಳು. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ನನ್ನ ಕೊರಳಿಗೆ ಹಾಕಿದಳು. ಗೆದ್ದವರಿಗೆ ಹಾಕುವಂತೆ ಅಲ್ಲ. “ಇವತ್ತು ಸಂಜೆ ಬ್ಯಾಂಡಿನೋರೆಲ್ಲ ಅಭ್ಯಾಸಕ್ಕೆ ಸೇರ್ತಾರೆ. ಇವತ್ತು ಬಿಟ್ರೆ ಅರ್ಧ ಜನ ಹೊರಗಡೆ ಕೆಲಸಕ್ಕೆ ಹೋಗ್ತಾರೆ, ಉದ್ಘಾಟನೆ ದಿನಾನೇ ವಾಪಸ್ ಬರೋದು. ಹೋಗಿ. ಹದಿನಾಲ್ಕು ಜನರ ಅಳತೇನೂ ತಗೊಂಡು ಬನ್ನಿ.”

“ನಾನಾ? ನೀನು ಬರಲ್ವಾ?”

“ನನ್ನ ಮುಖ ಇಟ್ಕೊಂಡು ಏನಂತ ಹೇಳ್ಲಿ? ಅಳಿಸಿದೋರು ನೀವು, ಅಳೆಯೋರೂ ನೀವೇ.”

ಬ್ಯಾಂಡಿನವರು ಅಭ್ಯಾಸ ಮಾಡುವ ಹಾಲ್ ನಮ್ಮ ಬೀದಿಯ ತುದಿಯಲ್ಲೇ ಇದೆ. ಒಳಗೆ ಕಾಲಿಟ್ಟರೆ ಹದಿನಾಲ್ಕು ಜನ ಹದಿನಾಲ್ಕು ಥರ ಸದ್ದು ಮಾಡುತ್ತಿದ್ದರು. ಬ್ಯಾಂಡ್ ಮಾಸ್ಟರು ಕೋಲೆತ್ತಿ ಎಲ್ಲರನ್ನೂ ನಿಲ್ಲಿಸಿ, “ಏನ್ ಸಾರ್, ಕೊರಳಲ್ಲಿ ಟೇಪು?” ಎಂದರು.

“ಕೋಟಿನ ಅಳತೆ... ಒಂದ್ಸಲ ಖಚಿತ ಮಾಡ್ಕೊಳ್ಳೋಣ ಅಂತ.”

“ನಿಮ್ಮ ಮನೆಯೋರು ತಗೊಂಡಾಗಿತ್ತಲ್ಲ?”

“ಹೂಂ.”

“ಮತ್ಯಾಕೆ?”

ಅಲ್ಲಿಂದ ಶುರುವಾಯಿತು ನೋಡಿ! ಪ್ರಶ್ನೆಗಳಿಂದ ಮನುಕುಲವನ್ನು ಬಿಡುಗಡೆ ಮಾಡಲು ಹೊರಟವನಿಗೆ ಹದಿನಾಲ್ಕು ಬಾಯಿಗಳಿಂದ ಪ್ರಶ್ನೆ. ಯಾಕೆ? ಮತ್ತೆ ಯಾಕೆ? ಬಟ್ಟೆ ಸಾಲದೇ ಹೋಯ್ತಾ? ಬಣ್ಣ ಬದಲಾಯ್ತಾ? ದೊಡ್ಡ ಡ್ರಮ್ಮು ಹೊರುವ ಆಸಾಮಿಯನ್ನು ಎಲ್ಲರೂ ಡ್ರಮ್ಮಣ್ಣ ಎನ್ನುತ್ತಾರೆ. ಡ್ರಮ್ಮಿಗೂ ಅವನ ಹೊಟ್ಟೆಗೂ ಅಳತೆಯಲ್ಲಿ ಜಗಳವಿದೆ. ನಾನು ಟೇಪು ಸುತ್ತಿದ್ದೇ ತಡ, ಅವನ ಮುಖ ಸಪ್ಪಗಾಯಿತು.

“ನಿಜ ಹೇಳಿ ಸಾರ್, ನಾನು ದಪ್ಪ ಆಗಿದ್ದೀನಿ ಅಂತ ತಾನೆ ಮತ್ತೆ ಅಳೀತಿರೋದು?”

“ಛೆ ಛೆ.”

“ಹಾಗಾದ್ರೆ ಹೋದ ಸಲ ಎಷ್ಟಿತ್ತು?”

ಹೋದ ಸಲದ್ದು ಯಾರಿಗೆ ಗೊತ್ತು! ಅದು ಈಗ ಗ್ರಂಥಾಲಯದ ಮೌನದಲ್ಲಿ ಲೀನವಾಗಿತ್ತು.

“ಜಾಸ್ತಿ ಆಗಿದೆಯಾ, ಕಮ್ಮಿ ಆಗಿದೆಯಾ?”

“ಹೂಂ” ಎಂದೆ.

“ಹೂಂ ಅಂದ್ರೆ ಜಾಸ್ತಿನಾ ಕಮ್ಮಿನಾ?”

ಹೇಗೋ ಹದಿನಾಲ್ಕು ಜನರನ್ನೂ ಸುತ್ತಿ, ಬಿಚ್ಚಿ, ಫೋನಿನಲ್ಲಿ ಗುರುತು ಹಾಕಿಕೊಂಡು ಮನೆಗೆ ಓಡಿ ಬಂದೆ. ಬೆನ್ನು ತಟ್ಟುತ್ತಾಳೆ ಅಂದುಕೊಂಡೆ. ಹೆಂಡತಿ ಅಂಕಿಗಳ ಮೇಲೆ ಕಣ್ಣಾಡಿಸಿದಳು.

“ಟ್ರಂಪೆಟ್ ಊದೋರ ಎದೆ. ಇದು ಉಸಿರು ಬಿಟ್ಟಾಗ ಅಳೆದಿದ್ದಾ, ಊದುವಾಗ ಅಳೆದಿದ್ದಾ?”

“ಊದುವಾಗ ಯಾರಾದ್ರೂ ಅಳೀತಾರೇನೇ?”

“ಸುಮ್ನೆ ನಿಂತಾಗಿನ ಅಳತೆಗೆ ಹೊಲಿದ್ರೆ, ಮೊದಲ್ನೇ ಸ್ವರಕ್ಕೇ ಗುಂಡಿ ಹಾರಿ ಮುಂದಿನ ಸಾಲಲ್ಲಿ ಕೂತಿರೋರ ಕಣ್ಣಿಗೆ! ಟ್ರೊಂಬೋನಿನೋರ ಬಲತೋಳು ಪೂರ್ತಿ ಚಾಚಿಸಿ ಅಳೆದ್ರಾ? ಡ್ರಮ್ಮಣ್ಣನಿಗೆ ಡ್ರಮ್ಮು ಹೊರಿಸಿ ಅಳೆದ್ರಾ, ಇಳಿಸಿ ಅಳೆದ್ರಾ? ಕೊಳಲಿನೋರು ಕತ್ತು ಯಾವ ಕಡೆ ವಾಲಿಸ್ತಾರೆ?”

ನಾನು ಫೋನು ಇಸಿದುಕೊಂಡು ಅಂಕಿಗಳನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದೆ.

“ಏನೂ ಕೇಳಲಿಲ್ವಾ ನೀವು?”

“ಇಲ್ಲ.”

“ಒಂದೂ?”

“ಒಂದೂ ಇಲ್ಲ.”

“ಪೆಟ್ಟಿಗೆ ಹೇಗೋ ಯಜಮಾನ್ರೂ ಹಾಗೇ” ಎಂದರು ನಮ್ಮತ್ತೆ, ದಾರ ಕಚ್ಚಿ ಕಡಿಯುತ್ತ.

ಮತ್ತೆ ಓಡಿದೆ. ಈ ಸಲ ಸುಳ್ಳು ಹೇಳುವಷ್ಟು ಉಸಿರೂ ಉಳಿದಿರಲಿಲ್ಲ. ಹಾಲ್‌ನ ನಡುವೆ ನಿಂತು, ಪೆಟ್ಟಿಗೆಯಿಂದ ಹಿಡಿದು ಎತ್ತು ಕರು ಹಾಕಿದ್ದರವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. “ನನ್ನ ಹೆಂಡತಿ ತಪ್ಪು ಏನೂ ಇಲ್ಲ. ಕೋಟು ಚೆನ್ನಾಗಿ ಬರತ್ತೆ. ನೀವು ದಯವಿಟ್ಟು ಊದಬೇಕು, ನಾನು ಅಳೀತೀನಿ” ಎಂದೆ. ತಕ್ಷಣ ಡ್ರಮ್ಮಣ್ಣ “ಅಂದ್ರೆ ನಾನು ದಪ್ಪ ಆಗಿಲ್ಲ!” ಎಂದು ಡ್ರಮ್ಮಿಗೆ ಒಂದು ಏಟು ಕೊಟ್ಟ. ಇಡೀ ಹಾಲ್ ನಕ್ಕಿತು.

ಟ್ರಂಪೆಟ್ ಊದುತ್ತಿರುವವರ ಎದೆಯನ್ನು ತಬ್ಬಿ ಹಿಡಿದು ಅಳತೆ ತೆಗೆದಿದ್ದೀರಾ? ಬೇಡ. ಕಿವಿ ಅವರ ಗಂಟಲಿನ ಹತ್ತಿರ, ಟೇಪಿನ ತುದಿ ನಮ್ಮ ಹಲ್ಲಿನಲ್ಲಿ, ಬ್ಯಾಂಡ್ ಮಾಸ್ಟರು ಕೋಲೆತ್ತಿ “ಇನ್ನೂ ಜೋರಾಗಿ! ಸಾರ್‌ಗೆ ಪೂರ್ತಿ ಎದೆ ಬೇಕಂತೆ!” ಎನ್ನುತ್ತಿರುತ್ತಾರೆ. ಟ್ರೊಂಬೋನಿನವರು ತೋಳು ಚಾಚಿದ ಹೊಡೆತಕ್ಕೆ ನನ್ನ ಕನ್ನಡಕ ಕುರ್ಚಿಯಡಿ ಸೇರಿತು. ಡ್ರಮ್ಮಣ್ಣನಿಗೆ ಡ್ರಮ್ಮು ಹೊರಿಸಿದ ಮೇಲೆ ಟೇಪು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದೇ ತಿಳಿಯದೆ, ಅವನ ಸುತ್ತ ಗಾಣದೆತ್ತಿನ ಹಾಗೆ ಸುತ್ತಿದೆ. ಕೇಳಿದೆ, ಎಲ್ಲರನ್ನೂ ಎಲ್ಲವನ್ನೂ ಕೇಳಿದೆ. ಕಾಲರು ಕುತ್ತಿಗೆಗೆ ಒತ್ತಬೇಕಾ, ಬಿಡಬೇಕಾ? ಜೇಬು ಎಡಕ್ಕಾ, ಬಲಕ್ಕಾ? ಕೂತು ಊದ್ತೀರಾ, ನಿಂತು ಊದ್ತೀರಾ? ಕೇಳುತ್ತ ಹೋದ ಹಾಗೆ ಒಬ್ಬೊಬ್ಬರೂ ಒಂದೊಂದು ಥರ ಎಂದು ಗೊತ್ತಾಯಿತು. ಕ್ಲಾರಿನೆಟ್ಟಿನವರ ಒಂದು ಭುಜ ಇನ್ನೊಂದಕ್ಕಿಂತ ಕೆಳಗಿತ್ತು. ಅವರಿಗೇ ಗೊತ್ತಿರಲಿಲ್ಲವಂತೆ!

ಆ ಸಂಜೆ ಹೆಂಡತಿ ಅಳತೆಗಳನ್ನೆಲ್ಲ ಹೊಸ ಲಿನಕ್ಸಿಗೇ ತುಂಬಿದಳು. “ಬೇಗ ಓಡತ್ತೆ, ಪರವಾಗಿಲ್ಲ” ಎಂದಳು. ಇಷ್ಟೆಲ್ಲದರಲ್ಲಿ ನನಗೆ ಸಿಕ್ಕ ಒಂದೇ ಒಂದು ಹೊಗಳಿಕೆ ಅದು, ಅದೂ ಲಿನಕ್ಸಿಗೆ. ಒಂದು ಕಾಪಿಯನ್ನು ಪೆನ್ ಡ್ರೈವಿಗೆ ಹಾಕಿ, ಕೆಂಪು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಳು. ನಾನು ಮೆಲ್ಲಗೆ ಕೇಳಿದೆ:

“ಒಂದು ಕಾಫಿ ಸಿಗತ್ತಾ?”

“ಯಾವ ಭಾಷೇಲಿ?” ಎಂದಳು.

“ಆಂ?”

“ಲೋಟದಲ್ಲಾ, ಕಪ್ಪಲ್ಲಾ?”

“ಲೋಟದಲ್ಲಿ.”

“ಲೋಟದಲ್ಲಿ ಮೊದಲೇ ಏನಿದ್ರೂ ಅಳಿಸಿಹೋಗತ್ತೆ. ಮುಂದುವರೀಲಾ?”

“ಹೂಂ.”

“ನಿಜವಾಗಿಯೂ?”

“ಹೂಂ ಕಣೇ!”

“ಪಾಸ್‌ವರ್ಡ್ ಹೇಳಿ.”

ಸ್ವಲ್ಪ ಯೋಚಿಸಿ ಹೇಳಿದೆ: “ತಪ್ಪಾಯ್ತು.”

“ಇನ್ನೊಮ್ಮೆ ಹೇಳಿ.”

“ತಪ್ಪಾಯ್ತು.”

“ಸರಿಯಾಗಿದೆ. ಕಾಫಿ ಒಲೆ ಮೇಲಿದೆ, ಬಗ್ಗಿಸ್ಕೊಳ್ಳಿ.”

ಕಾಫಿ ಕುಡಿಯುತ್ತ, ಪಶ್ಚಾತ್ತಾಪದ ಬಿಸಿಯಲ್ಲಿ, ಪೆಟ್ಟಿಗೆಗೆ ಒಂದೇ ಒಂದು ಪ್ರಶ್ನೆಯನ್ನು ವಾಪಸ್ ಸೇರಿಸಿದೆ. ಯಾವುದೇ ಯಂತ್ರವನ್ನು ಮುಟ್ಟುವ ಮೊದಲು ಅದು ನಿಂತು, ಆ ಪ್ರಶ್ನೆ ಕೇಳಿ, ‘ಹೂಂ’ ಅಥವಾ ‘ಊಹೂಂ’ ಒತ್ತುವವರೆಗೆ ಕಾಯಬೇಕು. ಪ್ರಶ್ನೆಯ ಮಾತು ಸ್ವಲ್ಪ ಮನೆಮಟ್ಟದ್ದು. ಹೆಂಡತಿಗೆ ತೋರಿಸಿ ನಗಿಸಲೆಂದೇ ಬರೆದದ್ದು. ಅವಳು ನಕ್ಕಳು, ಆ ದಿನ ಮೊದಲ ಸಲ. ಗ್ರಂಥಾಲಯಕ್ಕೆ ಒಯ್ಯುವ ಮೊದಲು ಅದನ್ನು ಮರ್ಯಾದೆಯ ಭಾಷೆಗೆ ತಿದ್ದಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಕೋಟುಗಳು ಒಂದೊಂದಾಗಿ ಗೋಡೆಯ ಮೊಳೆಗೆ ಏರತೊಡಗಿದವು. ಕೆಂಪು ಬಣ್ಣ, ಹಳದಿ ಅಂಚು, ಒಂದಕ್ಕಿಂತ ಒಂದು ಚೆಂದ. ಹೋಗಿಬರುವವರು ಕಿಟಕಿಯಲ್ಲಿ ಇಣುಕುತ್ತಿದ್ದರು. ಎದುರು ಬೀದಿಯವನೂ ಇಣುಕಿದ, ಮಾತಾಡದೆ ಹೋದ. ನನ್ನ ಎದೆಭಾರವೂ ಇಳಿಯಿತು. ಒಂದು ದಿನ ನಾನು ಕಳೆದುಹೋದ ಭಾಷಣವನ್ನು ಮತ್ತೆ ಬರೆಯುತ್ತ ಕೂತಿದ್ದಾಗ ಹೆಂಡತಿ ಏನೋ ಕೇಳಿದ ನೆನಪು. “ಕೋಟಿನ ಒಳಬಟ್ಟೆ ಮಿಕ್ಕಿದೆ, ನಿಮಗೂ ಒಂದು ಹೊಸ ಅಂಗಿ ಹೊಲೀಲಾ? ಅಳತೆ ಗಿಳತೆ ಕೇಳಲ್ಲ, ಆಟೋಮ್ಯಾಟಿಕ್.” ನಾನು ಹೂಂ ಅಂದೆ. ಆಮೇಲೂ ಏನೋ ಕೇಳಿದಳು. ಅದಕ್ಕೂ ಅಂದಿರಬೇಕು.

ಉದ್ಘಾಟನೆಯ ಬೆಳಿಗ್ಗೆ ಹೊಸ ಅಂಗಿ ತೊಟ್ಟೆ. ಕನ್ನಡಿಯಲ್ಲಿ ಅಂಗಿ ಕಂಡಿತು, ನಾನು ಕಾಣಲಿಲ್ಲ! ತೋಳು ಬೆರಳಿನ ತುದಿ ದಾಟಿ ಜೋತಾಡುತ್ತಿತ್ತು. ಹೊಟ್ಟೆಯ ಹತ್ತಿರ ಇನ್ನೊಬ್ಬ ಮನುಷ್ಯ ಬಾಡಿಗೆಗೆ ಇರಬಹುದಾದಷ್ಟು ಜಾಗ.

“ಏನೇ ಇದು?”

“ಡ್ರಮ್ಮಣ್ಣನ ಅಳತೆ. ಡ್ರಮ್ಮು ಸೇರಿಸಿ” ಎಂದಳು, ಕಣ್ಣರಳಿಸಿ. “ನಿಮ್ಮನ್ನ ಏನೂ ಕೇಳಬಾರದು ಅಂದ್ರೆ ಕಂಪ್ಯೂಟರಲ್ಲಿ ಮೊದಲು ಸಿಕ್ಕ ಅಳತೆಗೇ ತಾನೆ ಹೊಲಿಯೋದು?”

“ನನ್ನ ಬೇರೆ ಅಂಗಿಗಳೆಲ್ಲಿ?”

“ಎಲ್ಲಾ ನೆನೆಹಾಕಿದ್ದೀನಿ. ನೆನೆಹಾಕ್ಲಾ ಅಂತ ಕೇಳಿದ್ನಲ್ಲ? ಹೂಂ ಅಂದ್ರಿ.”

ನಮ್ಮತ್ತೆಯ ಕಡೆ ನೋಡಿದೆ. ಅವರು ಸಾಕ್ಷಿ ಹೇಳಲು ಸಿದ್ಧವಾಗಿ ಕೂತಿದ್ದರು.

ಗ್ರಂಥಾಲಯ ತುಂಬಿತ್ತು. ಹೊರಗೆ ಕೆಂಪು ಕೋಟಿನ ಹದಿನಾಲ್ಕು ಜನ ಮೊದಲ ಹಾಡು ಬಾರಿಸಿದರು. ಟ್ರಂಪೆಟ್ಟಿನವರು ಎದೆಯುಬ್ಬಿಸಿ ಊದಿದರೂ ಒಂದು ಗುಂಡಿ ಅಲ್ಲಾಡಲಿಲ್ಲ! ಜನ ಹಾಡಿಗಿಂತ ಕೋಟು ನೋಡುತ್ತಿದ್ದರು. “ಯಾರು ಹೊಲಿದಿದ್ದು?” ಎನ್ನುವ ಮಾತು ನಾಲ್ಕೈದು ಕಡೆ ಕೇಳಿಸಿತು. ಹೆಂಡತಿ ಬಾಗಿಲ ಬಳಿ ನಿಂತು, ತುಟಿಯ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಡ್ರಮ್ಮಣ್ಣನ ಕೋಟಿನ ಅಂಚನ್ನು ಸರಿಮಾಡುತ್ತಿದ್ದಳು. ಆ ಮುಖ ನೋಡಿ ನನಗೆ ನಿಜವಾಗಿಯೂ ಕಣ್ಣು ತುಂಬಿತು. ಒರೆಸಿಕೊಳ್ಳಲು ತೋಳೇನೋ ಬೇಕಾದಷ್ಟಿತ್ತು.

ಶ್ಶ್ ಸಾಹೇಬರು ಹನ್ನೆರಡು ಮುದುಕರ ನಡುವೆ ಹೋಗಿ ನಿಂತರು. ಹನ್ನೆರಡನ್ನೂ ಒಂದೇ ಪೆಟ್ಟಿಗೆಗೆ ಜೋಡಿಸಿದ್ದೆ, ಅದರ ಮಾತು ಮೂಡಲು ಗೋಡೆಯ ಮೇಲೆ ಒಂದು ದೊಡ್ಡ ಪರದೆ. ನಾನು ‘ಜ್ಞಾನದ ಹೆಬ್ಬಾಗಿಲು’ ಮುಗಿಸಿ, “ಒಂದು ಗುಂಡಿ ಸಾರ್! ಮಿಕ್ಕಿದ್ದೆಲ್ಲ ತಾನಾಗಿ ಆಗುತ್ತೆ!” ಎಂದು ತೋಳು ಬೀಸಿದೆ. ತೋಳು ಮೈಕಿಗೆ ಸಿಕ್ಕಿಕೊಂಡಿತು. ಸಾಹೇಬರು ಗಂಭೀರವಾಗಿ ಗುಂಡಿ ಒತ್ತಿದರು.

ದೊಡ್ಡ ಪರದೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು:

‘ಇರುವುದೆಲ್ಲ ಅಳಿಸಿಹೋಗುತ್ತದೆ. ಹೆಂಡತಿಯನ್ನು ಕೇಳಿದಿರಾ? ಹೂಂ / ಊಹೂಂ.’

ಮನಸ್ಸಿನಲ್ಲಿ ಗುರುತು ಹಾಕಿಕೊಂಡದ್ದು ಮನಸ್ಸಿನಲ್ಲೇ ಇತ್ತು!

ಮೊದಲು ಯಾರೋ ಒಬ್ಬರು ಕೆಮ್ಮಿದರು. ಆಮೇಲೆ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಗ್ರಂಥಾಲಯ ಕಟ್ಟಿದಾಗಿನಿಂದ ಆ ಗೋಡೆಗಳು ಅಂಥ ಸದ್ದು ಕೇಳಿರಲಾರವು. ನಾನು ಕೀಲಿಮಣೆಗೆ ಹಾರಿದೆ. ತೋಳಿನೊಳಗೆ ಬೆರಳು ಎಲ್ಲಿದೆಯೆಂದು ನನಗೇ ಸಿಗಲಿಲ್ಲ. ಮಡಿಚಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಶ್ಶ್ ಸಾಹೇಬರು ಮಾತ್ರ ನಗದೆ, ಪರದೆಯನ್ನು ಎರಡು ಸಲ ಓದಿ, ಹುಟ್ಟಿದ ಮೇಲೆ ಮೊದಲ ಬಾರಿಗೆ ದನಿಯೆತ್ತಿ ಕೂಗಿದರು:

“ಅಲ್ರೀ, ನಂಗೆ ಮದುವೇನೇ ಆಗಿಲ್ವಲ್ರೀ! ನಾನು ಯಾರನ್ನ ಕೇಳ್ಲಿ?”

“ಅಳಿಯಂದ್ರ ಹೆಂಡ್ತೀನ ಕೇಳಿ!” ಹಿಂದಿನ ಸಾಲಿನಿಂದ ನಮ್ಮತ್ತೆ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಹದಿನಾಲ್ಕು ಕೆಂಪು ಕೋಟುಗಳೂ ತಿರುಗಿದವು. ಸಾಹೇಬರು ಬೆರಳನ್ನು ಗುಂಡಿಯ ಮೇಲೆ ಎತ್ತಿಹಿಡಿದು, ಬಹಳ ವಿನಯದಿಂದ, “ಏನಮ್ಮಾ, ಅಳಿಸಲಾ?” ಎಂದರು.

ನನ್ನ ಹೆಂಡತಿ ತಲೆಯೆತ್ತಿದಳು. ಮೊದಲು ಹನ್ನೆರಡು ಯಂತ್ರಗಳನ್ನು ಒಂದೊಂದಾಗಿ ನೋಡಿದಳು, ಅವುಗಳಲ್ಲಿ ಯಾರದ್ದಾದರೂ ಅಳತೆ ಇದೆಯೋ ಎಂಬಂತೆ. ಆಮೇಲೆ ನನ್ನನ್ನು ನೋಡಿದಳು. ಬಾಯಿತುಂಬ ಗುಂಡುಸೂಜಿ ಇದ್ದುದರಿಂದ ತುಟಿ ಬಿಚ್ಚುವಂತಿರಲಿಲ್ಲ.

“ಹೂಂ” ಎಂದಳು.

ಸಾಹೇಬರು ಒತ್ತಿದರು. ಬ್ಯಾಂಡಿನವರು ತಮಗೆ ಬರುವ ಹಾಡುಗಳನ್ನೆಲ್ಲ ಬಾರಿಸಿ ಮುಗಿಸುವಷ್ಟರಲ್ಲಿ ಹನ್ನೆರಡು ಪರದೆಗಳೂ ಒಟ್ಟಿಗೆ ಬೆಳಗಿದವು: ‘ದಯವಿಟ್ಟು ಮೌನವಾಗಿರಿ.’ ಅದು ಯಾರಿಗೆ ಹೇಳಿದ್ದು ಎಂದು ನಾನು ಪ್ರಶ್ನೆ ಕೇಳಲಿಲ್ಲ.